ನಡುನೀರಿನಲ್ಲಿ ನಿಂತ ಆಲೂಗಡ್ಡೆ

ಎರಡನೇ ಬೆಳೆಗೆ ಸಸಿಮಡಿ ಹಾಕುವ ಮುಂಚೆ ಕಂಪ್ಲಿಯ ನಮ್ಮ ಮನೆಯಲ್ಲಿ ಬೀಜದ ಭತ್ತವನ್ನು ಉಪ್ಪುನೀರಿಗೆ ಹಾಕುತ್ತೇವೆ. ಗಟ್ಟಿ ಕಾಳು ಮುಳುಗುತ್ತದೆ, ಜಳ್ಳು ತೇಲುತ್ತದೆ. ಉಪ್ಪು ಸಾಕಾಯಿತೇ ಎಂದು ನೋಡಲು ಬೇರೆಯವರು ಕೋಳಿಮೊಟ್ಟೆ ಬಿಡುತ್ತಾರೆ. ನಾವು ಲಿಂಗ ಕಟ್ಟಿದವರು, ಮನೆಯೊಳಗೆ ಮೊಟ್ಟೆ ತರುವುದಿಲ್ಲ, ಆಲೂಗಡ್ಡೆ ಬಿಡುತ್ತೇವೆ. ಅದು ತೇಲಿದರೆ ನೀರು ಹದಕ್ಕೆ ಬಂದಂತೆ.

ಆ ಬೆಳಿಗ್ಗೆ ನಾನು ಹೊಸಪೇಟೆಯಿಂದ ಬಸ್ಸು ಹಿಡಿದು ಬಂದದ್ದು ಬೀಜಕ್ಕಾಗಿ ಅಲ್ಲ. ಕಡಲಿನ ನೀರನ್ನು ಓದಿಕೊಂಡ ಅಕ್ಕ ಮರುದಿನ ಕೊಚ್ಚಿಯಲ್ಲಿ ಸಂಶೋಧನೆಯ ಹಡಗು ಹತ್ತುವವಳಿದ್ದಳು. ದಕ್ಷಿಣದ ಹಿಮದ ಕಡಲಿಗೆ, ಎರಡನೇ ಸಲ. "ಹೋಗಬೇಡ" ಎಂದು ನನ್ನ ಬಾಯಿಂದ ಹೇಳಿಸಲು ಅಮ್ಮ ನನ್ನನ್ನು ಕರೆಸಿದ್ದಳು.

ಮೊದಲ ಸಲ ಹೋದಾಗ ವಾರಗಟ್ಟಲೆ ಅಕ್ಕನ ದನಿಯೇ ಇರಲಿಲ್ಲ. ಆ ದಿನಗಳನ್ನು ನೆನೆದರೆ ಅಮ್ಮ ಹೊಸ್ತಿಲ ಮೇಲೆ ಕೂತದ್ದು ಕಾಣುತ್ತದೆ. ಅವಳು ಕೂತಿದ್ದಳೋ, ಆಮೇಲೆ ನಾನೇ ಕೂರಿಸಿದೆನೋ ಹೇಳಲಾರೆ. ವಿಶ್ವವಿದ್ಯಾಲಯದಲ್ಲಿ ಚರಿತ್ರೆ ಓದುವಾಗ, ಒಬ್ಬರ ನೆನಪನ್ನಷ್ಟೇ ಸಾಕ್ಷಿಯಾಗಿ ನಂಬಬಾರದೆಂದು ಕಲಿತಿದ್ದೆ.

ಅಮ್ಮ ಉಪ್ಪು ಜಾಸ್ತಿ ಸುರಿದಿದ್ದಳು, ಬಿಟ್ಟ ಆಲೂಗಡ್ಡೆ ಅರ್ಧ ಮೇಲೆದ್ದು ತೇಲುತ್ತಿತ್ತು. ನೀರನ್ನು ಸ್ವಲ್ಪ ಸಪ್ಪೆ ಮಾಡಲು ಅವಳು ತಂಬಿಗೆಯಿಂದ ಸಿಹಿನೀರನ್ನು ಬಕೆಟ್ಟಿನ ಅಂಚಿಗೆ ಮೆಲ್ಲಗೆ ಬಿಡುತ್ತಿದ್ದಾಗ ಅಕ್ಕನ ವಿಡಿಯೊ ಕರೆ ಬಂತು. ಕಲಸುವುದು ಹಾಗೇ ಉಳಿಯಿತು.

"ಅಲ್ಲವಾ, ಉಪ್ಪು ನೋಡಾಕ ಅಷ್ಟು ದೂರ ಹೋಗ್ಬೇಕೇನು? ಹೊಸಪ್ಯಾಟಿ ಕಿರಾಣಿ ಅಂಗಡ್ಯಾಗ ಚೀಲಗಟ್ಲೆ ಐತಿ," ಎಂದಳು ಅಮ್ಮ.

"ಅದು ನಿನಗಿರ್ಲಿ ಯವ್ವಾ. ಬಕೆಟ್ನ್ಯಾಗ ಏನೈತಿ, ತೋರ್ಸು."

ನಾನು ಫೋನು ತಿರುಗಿಸಿದೆ. ಆಲೂಗಡ್ಡೆ ಮೇಲೂ ಇರಲಿಲ್ಲ, ತಳದಲ್ಲೂ ಇರಲಿಲ್ಲ; ನಡುವೆ ನಿಂತಿತ್ತು.

"ಅಯ್ಯ, ಇದಕ್ಕೇನಾತು?" ಎಂದಳು ಅಮ್ಮ.

ಅಕ್ಕ ನಕ್ಕಳು. "ಕೆಳಗ ಉಪ್ಪುನೀರು, ಅದರ ಮ್ಯಾಲ ಸಿಹಿನೀರು ಹಾಸ್ಕೊಂಡೈತಿ. ಅಲ್ಲೂ ಹಿಂಗ ಆಗಾಕತ್ತೈತಿ. ಭೂಮಿ ಕಾದು ಬರ್ಫ ಕರಗತೈತಿ, ಆ ಸಿಹಿನೀರು ಮ್ಯಾಲ ಕುಂದ್ರತೈತಿ. ಮೊದಲು ತಣ್ಣನೆ ಉಪ್ಪುನೀರು ಭಾರಾಗಿ ತಳಕ್ಕಿಳಿದು ಸಮುದ್ರೆಲ್ಲಾ ಸುತ್ತತಿತ್ತು. ಈಗ ಇಳಿಯೋದು ಕಡಿಮಿ ಆಗೈತಿ."

"ಇಳೀಲಿಲ್ಲಂದ್ರ ನಿನಗೇನವಾ?"

"ತಳದಾಗಿನ ಜೀವಕ್ಕ ಉಸಿರು ಸಾಲಂಗಿಲ್ಲ. ಮಳಿ ಬೀಳೋ ಜಾಗ ಬದಲಾಗಬೌದು. ಯಾರರ ಹೋಗಿ ಅಳೀಬೇಕಲ್ಲ."

ಈಗ ಹೇಳು ಎಂಬಂತೆ ಅಮ್ಮ ನನ್ನತ್ತ ನೋಡಿದಳು. ಬಸ್ಸಿನಲ್ಲೇ ಜೋಡಿಸಿಕೊಂಡಿದ್ದ ಮಾತು ಸಿದ್ಧವಿತ್ತು.

"ಅಲ್ಲಿ ಚಳಿ ಭಾಳ ಏನು?" ಎಂದೆ.

"ಭಾಳ," ಅಂದಳು ಅಕ್ಕ. "ನೀ ಹೋಗಬ್ಯಾಡ ಅಂತಿ ಅಂದ್ಕೊಂಡಿದ್ದೆ."

"ಅನ್ನಂಗಿಲ್ಲ."

ಅದು ದೊಡ್ಡ ಮನಸ್ಸೋ ಹೇಡಿತನವೋ ಇನ್ನೂ ತಿಳಿದಿಲ್ಲ. ಹಾಗೆ ಅಂದ್ಕೊಂಡಿದ್ದೆ ಎನ್ನುವಾಗ ಅವಳು ನನ್ನ ಬೇಡವೆಂಬ ಮಾತಿಗೆ ಕಾದಿದ್ದಳು ಎಂದು ಈಗ ಅನ್ನಿಸುತ್ತದೆ. ಅವಳು ಇಲ್ಲಿರಬೇಕಿತ್ತು ಎಂಬ ನನ್ನ ಆಸೆಯೇ ಅದನ್ನು ಹಾಗೆ ಕೇಳಿಸುತ್ತಿರಬಹುದು.

ಅಮ್ಮ ನೀರು ಕಲಸುವ ಕೋಲು ಎತ್ತಿಕೊಂಡಳು.

"ತಡಿ ಯವ್ವಾ, ಇನ್ನೊಂದೀಟು ನೋಡ್ತೀನಿ, ಕಲಸಬ್ಯಾಡ," ಎಂದಳು ಅಕ್ಕ.

ಅಷ್ಟರಲ್ಲಿ ಚಿತ್ರ ನಿಂತು, ಕರೆ ಕಡಿಯಿತು. ಬುಟ್ಟಿಯಲ್ಲಿ ಬೀಜ ಹಾಗೇ ಇತ್ತು.

"ಮತ್ತ ಮಾಡ್ತಾಳೇನು?" ಎಂದಳು ಅಮ್ಮ.

"ಮಾಡ್ತಾಳ."

ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಅಮ್ಮ ಬಕೆಟ್ಟಿನ ಪಕ್ಕದಲ್ಲೇ ಕೂತಳು.