ಔರಾದಿನವರೆಗಿನ ಗುರುತು

ಇಂಗ್ಲಿಷಿನ ಹಾರ್ಡ್ಲಿ, ಬೇರ್ಲಿ, ಸ್ಕೇರ್ಸ್ಲಿ ಎಂಬ ಪದಗಳನ್ನು ಕಲಿಸುವುದೆಂದರೆ ನನಗೆ ಮೊದಲಿನಿಂದಲೂ ಬೇಸರ. ಔರಾದಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳುವ ಮಾಸ್ತರ ನಾನು. ಕೊನೆಯದನ್ನು ಹುಡುಗರ ಬಾಯಿಂದ ಹೊರಡಿಸುವಷ್ಟರಲ್ಲಿ ಪೀರಿಯಡ್ಡೇ ಮುಗಿದಿರುತ್ತದೆ. ಅವು ರೆಕಗ್ನೈಜ್ ಎಂಬ ಕ್ರಿಯಾಪದದ ಪಕ್ಕ ಬಂದು ನಿಂತರಂತೂ ಕಷ್ಟ. ಗುರುತು ಹಿಡಿದ ಎಂದೂ ಅಲ್ಲ, ಹಿಡಿಯಲಿಲ್ಲ ಎಂದೂ ಅಲ್ಲ. "ಸರ್, ಗುರ್ತ ಸಿಕ್ರ ಸಿಕ್ತು, ಇಲ್ಲಂದ್ರ ಇಲ್ಲ. ನಡುವ ಏನದರಿ?" ಎಂದು ಹುಡುಗಿಯೊಬ್ಬಳು ಕೇಳಿದಾಗ ನನಗೂ ಹೌದಲ್ಲ ಅನ್ನಿಸಿತ್ತು.

ನಮ್ಮ ಕಡೆ ಗುರುತು ಹಿಡಿಯುವ ಕ್ರಮವೇ ಬೇರೆ. ಮುಖ ನೋಡಿದರೆ ಯಾರಿಗೂ ಸಮಾಧಾನವಿಲ್ಲ. ಮೊದಲು "ಯಾವೂರು?" ಅನ್ನುತ್ತಾರೆ, ಆಮೇಲೆ "ಯಾರ ಪೈಕಿ?" ಅನ್ನುತ್ತಾರೆ. ಎರಡನೆಯದು ಜಾತಿ ತಿಳಿಯಲಿಕ್ಕೆಂದು ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು. ನನ್ನೂರು ಮನ್ನಳ್ಳಿ. ಅಜ್ಜನ ಕಾಲಕ್ಕೆ ನಾವು ಊರ ಹೊರಗಿನ ಕೇರಿಯವರು, ಅಪ್ಪನ ಕಾಲಕ್ಕೆ ಬೌದ್ಧರು, ನನ್ನ ಕಾಲಕ್ಕೆ 'ಸರ್'. ಈ 'ಸರ್' ಎಂಬುದು ಹಳೆಯ ಕೇರಿಯನ್ನು ಮರೆಸಿದೆ ಎಂದು ನಂಬಿದ್ದೆ. ವ್ಯಾಕರಣ ಕಲಿಸುವವರೇ ಹೀಗೆ, ಪುಸ್ತಕದಲ್ಲಿದ್ದುದನ್ನು ನಂಬಿಬಿಡುತ್ತೇವೆ.

ನಂಬಿಸಿದವರು ಗಣಿತದ ಶಿವರಾಜ ಸರ್. ಬೀದರಿನಿಂದ ಔರಾದಿಗೆ ದಿನಾ ಒಂದೇ ಬಸ್ಸು ನಮ್ಮದು. ಕರವಸ್ತ್ರ ಹಾಸಿ ನನಗೆ ಸೀಟು ಹಿಡಿಯುತ್ತಿದ್ದರು. ನನ್ನ ಡಬ್ಬಿಯ ಪುಂಡಿಪಲ್ಯವನ್ನು ಕೇಳದೆಯೇ ತೆಗೆದು ತಿನ್ನುತ್ತಿದ್ದರು. ಬಸವ ಜಯಂತಿಯಲ್ಲಿ ಸಮಾನತೆಯ ಬಗ್ಗೆ ಅವರಷ್ಟು ಚೆಂದ ಮಾತಾಡುವವರು ನಮ್ಮ ಸಾಲೆಯಲ್ಲಿ ಇನ್ನೊಬ್ಬರಿಲ್ಲ. ನನಗೆ ಬೇರೆ ಗೆಳೆಯರಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಕಳೆದ ತಿಂಗಳು ರಜೆ ಹಾಕಿ, ಹೊಲದ ತೊಗರಿ ಮಾರಲು ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಗೆ ಹೋದೆ. ರೈತರ ಕಾಳು ಮಾರಿಕೊಡುವ ಅಡತಿ ಅಂಗಡಿ ಶಿವರಾಜ ಸರ್ ಅಣ್ಣನದೇ ಅಲ್ಲಿರುವಾಗ ಬೇರೆಲ್ಲಿಗೆ ಹೋಗಲಿ? ಹೋದರೆ ಸರ್ ಕೂಡ ರಜೆ ಹಾಕಿ ಅಲ್ಲೇ ಗಾದಿಯ ಮೇಲೆ ಕೂತಿದ್ದಾರೆ. ಪಕ್ಕದಲ್ಲಿ ಭಾಲ್ಕಿಯಿಂದ ಬಂದ ಹೊಸ ಬೀಗರು. ತಮ್ಮ ಮಗಳ ಸಂಬಂಧ ಕುದುರಿದ ಸುದ್ದಿಯನ್ನು ಸರ್ ಬಸ್ಸಿನಲ್ಲಿ ನನಗೆ ಮೊದಲು ಹೇಳಿದ್ದರು. ಹಲ್ಲು ಕಿಸಿಯುತ್ತಲೇ ಮೆಟ್ಟಿಲು ಹತ್ತಿದೆ. ಶಿವರಾಜ ಸರ್ ನನ್ನನ್ನು ಚೆನ್ನಾಗಿ ನೋಡಿ, "ಎಲ್ಲಿಂದ ಬಂದ್ರಿ?" ಎಂದರು.

"ಮನ್ನಳ್ಳಿಯಿಂದ್ರಿ" ಎಂದೆ.

"ಮನ್ನಳ್ಳಿಯಾಗ ಯಾರ ಪೈಕಿ?" ಎಂದರು ಬೀಗರು.

ನಾನು ಬಾಯಿ ತೆರೆಯುವ ಮೊದಲೇ ಸರ್, "ರೈತರ್ರಿ, ತೊಗರಿ ಮಾರ್ಲಿಕ್ಕ ಬಂದಾರ" ಎಂದು ಮಾತು ಮುಗಿಸಿ, ಚೀಲ ಇಳಿಸಲು ಹಮಾಲನನ್ನು ಕೂಗಿದರು. ಬೀಗರಿಗೆ ಚಹಾ ಬಂತು. ನಾನು ತಕ್ಕಡಿಯ ಹತ್ತಿರ ಹೋಗಿ ನಿಂತೆ. ನಡುವೆ ಏನಿದೆ ಎಂದು ಕೇಳಿದ ಆ ಹುಡುಗಿಗೆ ಈಗ ಉತ್ತರ ಹೇಳಬಲ್ಲೆ, ಹೇಳುವ ಮನಸ್ಸಿಲ್ಲ.

ಮರುದಿನ ಬಸ್ಸು ಹತ್ತಿದರೆ ಅದೇ ಕರವಸ್ತ್ರ, ಅದೇ ನಗು. "ಬರ್ರಿ ಸರ್, ಜಾಗ ಹಿಡದೀನಿ."

ಜೋಡಿಸಿಟ್ಟುಕೊಂಡಿದ್ದ ಬೈಗುಳ ಒಂದೂ ನೆನಪಾಗಲಿಲ್ಲ. "ಎಲ್ಲಿಂದ ಬಂದ್ರಿ?" ಎಂದೆ.

ಅವರು ಜೋರಾಗಿ ನಗಲು ಹೋಗಿ ಅರ್ಧಕ್ಕೇ ನಿಲ್ಲಿಸಿದರು. ನಾನು ಕಂಬಿ ಹಿಡಿದು ನಿಂತೆ. ಸಂತಪುರದಲ್ಲಿ ಬಸ್ಸು ತುಂಬಿತು. ಸೀಟು ಕೇಳಿದವರಿಗೆಲ್ಲ ಅವರು "ಮಂದಿ ಅದಾರ್ರಿ" ಎನ್ನುತ್ತಿದ್ದರು. "ಯಾರದಾರ್ರಿ?" ಎಂದು ಮುದುಕರೊಬ್ಬರು ಗದರಿದಾಗ, ಎದುರಿಗೇ ನಿಂತ ನನ್ನ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದರು. ಔರಾದ ಬರುವವರೆಗೂ ಕರವಸ್ತ್ರ ಮಾತ್ರ ತೆಗೆಯಲಿಲ್ಲ. ಅಷ್ಟು ಗುರುತು ಅವರಲ್ಲಿ ಉಳಿದಿತ್ತು. ನನಗೆ ಕೂರಲಿಕ್ಕೆ ಅದು ಸಾಲಲಿಲ್ಲ.