ಡಿಕ್ಕಿಯಲ್ಲಿ ಜೋಳದ ಚೀಲ

ಕಾರಿನ ಬಗ್ಗೆ ನನಗೆ ಗೊತ್ತಿರುವುದೆಲ್ಲ ಹಿಂದಿನ ಸೀಟಿನಲ್ಲಿ ಕೂತು ಕಲಿತದ್ದು. ಮುಂದೆ ಕೂತವರಿಗೆ ರಸ್ತೆ ಕಾಣುತ್ತದೆ. ಗುಂಡಿ ಬರುವ ಮೊದಲೇ ಮೈ ಬಿಗಿ ಹಿಡಿಯುತ್ತಾರೆ. ಹಿಂದೆ ಕೂತವರಿಗೆ ಗುಂಡಿಗೆ ಬಿದ್ದ ಮೇಲೆಯೇ ಸುದ್ದಿ ಮುಟ್ಟುತ್ತದೆ, ಅದೂ ನಡುವಿನ ಮೂಲಕ.

ನಮ್ಮೂರು ಬ್ಯಾಡಗಿ. ಅಪ್ಪನದು ಮೆಣಸಿನಕಾಯಿ ವ್ಯಾಪಾರ. ಅವರ ಕಾರಿಗೆ ಹೆಚ್ಚುಕಡಿಮೆ ನನ್ನಷ್ಟೇ ವಯಸ್ಸು. ನಾನು ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಮನೆಗೆ ಬರುವ ಹೊತ್ತಿಗೆ ಅದರ ಹಿಂಭಾಗ ಕುಸಿದು, ಹಿಂಗಾಲು ಮಡಚಿ ಕೂತ ನಾಯಿಯಂತೆ ಕಾಣುತ್ತಿತ್ತು. ಅವ್ವನ ಬೆನ್ನುಮೂಳೆಗೆ ಕಾಯಿಲೆ ಇಳಿದದ್ದೂ ಆ ವರ್ಷವೇ. ವಾರಕ್ಕೊಮ್ಮೆ ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗಬೇಕಿತ್ತು. ದಾರಿಯುದ್ದಕ್ಕೂ ಅವಳ ತಲೆ ನನ್ನ ತೊಡೆಯ ಮೇಲೆ. ಹಾವೇರಿ ದಾಟುವಷ್ಟರಲ್ಲಿ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿರುತ್ತಿದ್ದಳು. ಒಂದು ಸಂಜೆ ಮನೆಗೆ ಬಂದು ಇಳಿದವಳು ಶಾಂತವಾಗಿ ಹೇಳಿದಳು: "ಬ್ಯಾನಿ ತಡಕೋತೇನಿ. ಈ ಗಾಡಿ ತಡಕೊಳ್ಳಾಕ ಆಗಂಗಿಲ್ಲ. ಮುಂದಿನ ವಾರ ನಾ ಬರಂಗಿಲ್ಲ."

ಮರುದಿನವೇ ಅಪ್ಪ ಕಾರನ್ನು ರಾಣೆಬೆನ್ನೂರಿನ ಗ್ಯಾರೇಜಿಗೆ ಒಯ್ದರು. ನಾನೂ ಹೋದೆ. ಮೆಕ್ಯಾನಿಕ್ ಪರಸಪ್ಪ ಕೆಳಗೆ ನುಸುಳಿ, ಹಳೆಯ ಚಪ್ಪಲಿಯ ಚೂರಿನಂತಾಗಿದ್ದ ರಬ್ಬರ್ ಬುಶ್ಶುಗಳನ್ನು ತಂದು ತೋರಿಸಿದ. ಹಿಂದಿನ ಸ್ಪ್ರಿಂಗಿನಲ್ಲಿ ಒಂದರ ಮೇಲೊಂದು ಜೋಡಿಸಿದ ಬಾಗಿದ ಕಬ್ಬಿಣದ ಪಟ್ಟಿಗಳು, ಅವನ ಮಾತಿನಲ್ಲಿ ಪಾಟಾ, ಬಾಗು ಕಳೆದುಕೊಂಡು ಚಪ್ಪಟೆಯಾಗಿದ್ದವು. ಸಂಜೆಗೆ ಎಲ್ಲ ಹೊಸದಾಯಿತು.

"ಸಾಹುಕಾರ್ರ, ನಾನಾಗೇ ಒಂದೊಂದು ಪಾಟಾ ಜಾಸ್ತಿ ಹಾಕೇನ್ರಿ. ಎಷ್ಟರ ಮಾಲು ಹೇರ್ರಿ, ಕುಗ್ಗಂಗಿಲ್ಲ" ಎಂದ, ಸಂತೋಷದಿಂದ.

ಮೆಣಸಿನಕಾಯಿ ವ್ಯಾಪಾರಿಯ ಕಾರಿಗೆ ಮಾಲು ಹೊರುವುದು ಬಿಟ್ಟು ಇನ್ನೇನು ಬೇಕು ಎಂದು ಅವನಿಗೆ ಹೇಗೆ ತಿಳಿಯಬೇಕು? ಮನೆಯ ರೋಗದ ಮಾತನ್ನು ಗ್ಯಾರೇಜಿನಲ್ಲಿ ಆಡುವ ರೂಢಿ ನಮ್ಮಲ್ಲಿಲ್ಲ. ಅಪ್ಪ ಹೇಳಿರಲಿಲ್ಲ, ನಾನಂತೂ ಅಪ್ಪನ ಮಗಳು. ಒಂದು ಸುತ್ತು ಹೋಗಿ ಬಂದ ಮೇಲೆ "ಬಹಳ ಬಿರುಸು ಅನಸ್ತದಲ್ಲ" ಎಂದಷ್ಟೇ ಕೇಳಿದೆ.

"ಹೊಸಾದಲ್ರಿ ಅಕ್ಕಾರ. ನಾಕು ತಿಂಗಳು ಓಡಲಿ, ತಾನ ಮೆತ್ತಗಾಗತೈತಿ."

ನಾಲ್ಕು ತಿಂಗಳನ್ನು ಅವನು ಎಷ್ಟು ಸಲೀಸಾಗಿ ಅಂದುಬಿಟ್ಟ.

ಭೌತಶಾಸ್ತ್ರದಲ್ಲಿ ಸ್ಪ್ರಿಂಗಿನ ಬಿರುಸಿಗೆ ಒಂದು ಸಂಖ್ಯೆಯಿದೆ. ಪ್ರಯೋಗಾಲಯದಲ್ಲಿ ಅದಕ್ಕೆ ತೂಕದ ಬಟ್ಟು ತೂಗುಹಾಕಿ, ಎಷ್ಟು ಜಗ್ಗಿತು ಎಂದು ಅಳೆದು, ಆ ಸಂಖ್ಯೆಯನ್ನು ನಾನು ಬಹಳ ಅಚ್ಚುಕಟ್ಟಾಗಿ ಕಂಡುಹಿಡಿಯುತ್ತಿದ್ದೆ. ಮೇಲೆ ಕೂತವರ ಗತಿ ಏನು ಎಂಬ ಪ್ರಶ್ನೆ ಯಾವ ಪರೀಕ್ಷೆಯಲ್ಲೂ ಬಂದಿರಲಿಲ್ಲ.

ಅಪ್ಪ ಮನೆಗೆ ಬಂದು ಅಪರಾಧಿಯಂತೆ ಎಲ್ಲ ಹೇಳಿದರು. ಜಾಸ್ತಿ ಹಾಕಿದ್ದನ್ನು ನಾಳೆಯೇ ಬಿಚ್ಚಿಸುತ್ತೇನೆ ಎಂದರು. ಅವ್ವ ಬೇಡವೆಂದಳು. ಅವಳು ಐರಣಿಯ ಒಕ್ಕಲುಮನೆಯ ಮಗಳು. "ಪಾಪ, ಚಲೋ ಆಗಲಿ ಅಂತ ಹಾಕ್ಯಾನ. ಗಾಡ್ಯಾಗ ಒಜ್ಜಿ ಹಾಕ್ರಿ, ಕುಣಿಯೂದಿಲ್ಲ. ನಮ್ಮಪ್ಪ ಬಸುರಿ ಹೆಣ್ಮಕ್ಕಳನ್ನ ಕಳಸೂಮುಂದ ಬಂಡ್ಯಾಗ ಜ್ವಾಳದ ಚೀಲ ಹಾಕತಿದ್ದ."

ಆಸ್ಪತ್ರೆಯ ದಿನ ಅಪ್ಪ ಕೈಗೆ ಸಿಕ್ಕ ಮೆಣಸಿನಕಾಯಿ ಚೀಲಗಳನ್ನೇ ಡಿಕ್ಕಿಗೆ ತುರುಕಿದರು. ಆ ಘಾಟು ಅವರ ಮೂಗಿಗೆ ತಿಳಿಯುವುದು ನಿಂತು ಎಷ್ಟೋ ವರ್ಷವಾಗಿತ್ತು. ಮೋಟೆಬೆನ್ನೂರು ಬರುವ ಮೊದಲೇ ಅವ್ವನಿಗೆ ಕೆಮ್ಮು ಹತ್ತಿತು. ಒಂದೊಂದು ಕೆಮ್ಮಿಗೂ ಬೆನ್ನು ಹಿಡಿದುಕೊಂಡಳು. ಉಸಿರು ಸಿಕ್ಕಾಗ ಅಂದಳು: "ಕೊಲ್ಲಬೇಕಂತಿದ್ರ ಮನ್ಯಾಗ ಕೊಲ್ರಿ. ಹುಬ್ಬಳ್ಳಿತನಾ ಯಾಕ ಎಣ್ಣಿ ಸುಡತೀರಿ?"

ಕಾರು ಹಿಂತಿರುಗಿಸಿ ಜೋಳ ಹೇರಿಕೊಂಡು ಹೊರಟೆವು. ಕಾರು ಮೆಲ್ಲಗೆ ತೂಗುತ್ತ ಹೋಯಿತು. ಬಂಕಾಪುರದ ಹತ್ತಿರ ಅವ್ವ ನಿದ್ದೆಹೋದಳು. ಸೆರಗು ಹೆಗಲ ಮೇಲೆಯೇ ಇತ್ತು. ಆಸ್ಪತ್ರೆಯ ಕಾವಲುಗಾರ ಡಿಕ್ಕಿ ನೋಡಿ, "ಜ್ವಾಳ ಮಾರೂದು ಇಲ್ಲಲ್ರಿ, ಮಾರ್ಕೆಟ್ಟು ಆಕಡೆ ಐತಿ" ಎಂದು ದಾರಿ ತೋರಿಸಿದ.

ಹಾಗೆ ಕೆಲವು ವಾರ ಆ ಜೋಳ ನಮ್ಮೊಡನೆ ಹುಬ್ಬಳ್ಳಿಗೆ ಹೋಗಿ ಬಂತು. ಕೊನೆಗೊಂದು ದಿನ ಡಾಕ್ಟರು, ಇನ್ನು ಕರೆತರುವ ಅಗತ್ಯವಿಲ್ಲ ಎಂದು ಅಪ್ಪನನ್ನು ಹೊರಗೆ ಕರೆದು ಹೇಳಿದರು. ಅಪ್ಪ ಅವ್ವನಿಗೆ, "ಮನ್ಯಾಗ ಆರಾಮ ತಗೋ ಅಂದಾರ" ಎಂದರು. ಹಾವೇರಿ ದಾಟಿದ ಮೇಲೆ ಅವ್ವ ಮಲಗಿದ್ದಲ್ಲಿಂದಲೇ ಹೇಳಿದಳು: "ಆ ಜ್ವಾಳ ನಾಳೆ ಗಿರಣಿಗೆ ಹಾಕಸ್ರಿ. ಸುಮ್ಮನ ಹುಳಾ ಹತ್ತತಾವ."

ಅದರ ರೊಟ್ಟಿಯನ್ನು ಅವಳೂ ಸ್ವಲ್ಪ ದಿನ ತಿಂದಳು.

ಈಗ ಕಾರು ನಾನು ಓಡಿಸುತ್ತೇನೆ. ನಾಲ್ಕು ತಿಂಗಳು ಕಳೆದು ಬಹಳ ದಿನವಾಯಿತು. ಮೊನ್ನೆ ರಾಣೆಬೆನ್ನೂರಿನಲ್ಲಿ ಪರಸಪ್ಪ ಸಿಕ್ಕು, "ಗಾಡಿ ಮೆತ್ತಗಾತೇನ್ರಿ ಅಕ್ಕಾರ?" ಎಂದ. ಇನ್ನೂ ಇಲ್ಲ ಎಂದೆ. "ಒಬ್ಬರ ಓಡಸಿದ್ರ ಹೆಂಗ ಆಗತೈತ್ರಿ? ಯಾರನ್ನರ ಹಿಂದ ಕುಂದ್ರಿಸಿಕೊಂಡು ಅಡ್ಡಾಡ್ರಿ."

ಅವ್ವ ಹೋದಂದಿನಿಂದ ಅಪ್ಪ ಆ ಕಾರು ಹತ್ತಿರಲಿಲ್ಲ. ಭಾನುವಾರ ಅವರನ್ನು ಹಿಂದೆ ಕೂರಿಸಿಕೊಂಡು ಐರಣಿಯ ಹೊಳೆಯವರೆಗೆ ಹೋಗಿ ಬಂದೆ. ದಾರಿಯುದ್ದಕ್ಕೂ ಗುಂಡಿ ಬರುವ ಮೊದಲೇ, "ಅಪ್ಪಾ, ಗುಂಡಿ ಐತಿ" ಎಂದು ಹೇಳುತ್ತ ಹೋದೆ.