ಚಿಲಕಕ್ಕೆ ಸುತ್ತಿದ ಖಾಕಿ ತೋಳು

ಗದರುವುದಕ್ಕೆಂದೇ ಹೋಗಿದ್ದೆ. ಶಿವಮೊಗ್ಗದ ಆಲ್ಕೊಳ ಸರ್ಕಲ್ಲಿನಿಂದ ಒಳಗೆ ತಿರುಗುವ ನಮ್ಮ ರಸ್ತೆಯ ಮೂಲೆಯಲ್ಲಿ ಒಂದು ಗ್ಯಾರೇಜಿದೆ. ರಿಪೇರಿಗೆ ಬಂದ ಸ್ಕೂಟರುಗಳನ್ನೆಲ್ಲ ತಂದು ನನ್ನ ಗೇಟಿಗೆ ಅಡ್ಡ ನಿಲ್ಲಿಸುವುದು ಅವರ ಪದ್ಧತಿ, ಹೋಗಿ ಬೈದು ಬರುವುದು ನನ್ನ ಪದ್ಧತಿ. ಎಪ್ಪತ್ತು ದಾಟಿದ ಮೇಲೆ ದಿನಕ್ಕೊಂದಾದರೂ ತಕರಾರು ಇಲ್ಲದಿದ್ದರೆ ತಿಂದ ಅನ್ನ ಅರಗುವುದಿಲ್ಲ. ಕಸದ ಗಾಡಿ ಹಾಡು ಹಾಕಿಕೊಂಡು ಬರುತ್ತದೆ. ನಾನು ಬಕೆಟ್ ಹಿಡಿದು ಗೇಟಿಗೆ ಬರುವಷ್ಟರಲ್ಲಿ ಹಾಡು ಮುಂದಿನ ಕ್ರಾಸಿನಲ್ಲಿರುತ್ತದೆ. ಬೀದಿದೀಪ ಹಗಲೆಲ್ಲ ಉರಿದು ಕತ್ತಲಾಗುವ ಹೊತ್ತಿಗೆ ಸರಿಯಾಗಿ ಆರುತ್ತದೆ. ಇವನ್ನೆಲ್ಲ ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲವಾದ್ದರಿಂದ ಗ್ಯಾರೇಜಿನವನೇ ಎಲ್ಲಕ್ಕೂ ಕಿವಿ. ಆ ಮಧ್ಯಾಹ್ನ ಅವನು "ತೆಗೀತೀನಿ ಅಮ್ಮಾ, ಎರಡೇ ನಿಮಿಷ" ಎಂದು ಎದ್ದು, ಚಿಂದಿ ಬಟ್ಟೆಯಿಂದ ಬೆರಳು ಒರೆಸಿಕೊಂಡು ಅದನ್ನು ನನ್ನ ಪಕ್ಕದ ಸ್ಟೂಲಿನ ಮೇಲೆ ಹಾಕಿದ. ಗ್ರೀಸು, ಕಬ್ಬಿಣದ ಪುಡಿ, ಅದರಡಿಯಲ್ಲಿ ಬಟ್ಟೆ ಸೋಪಿನ ಸಣ್ಣ ಘಾಟು. ಬಾಯಿಗೆ ಬಂದಿದ್ದ ಬೈಗುಳ ಅಲ್ಲೇ ನಿಂತಿತು. ಅದು ಭದ್ರಾವತಿಯ ನಮ್ಮ ಮನೆಯ ಬಾಗಿಲಿನ ವಾಸನೆ.

ನಮ್ಮಪ್ಪ ಕಬ್ಬಿಣದ ಕಾರ್ಖಾನೆಯಲ್ಲಿದ್ದರು. ಕ್ವಾರ್ಟರ್ಸಿನ ಉದ್ದನೆಯ ಲೈನಿನಲ್ಲಿ ಗೋಡೆಗೆ ಗೋಡೆ ಅಂಟಿಕೊಂಡ ಹನ್ನೆರಡು ಮನೆ. ಒಂದು ಮನೆಯಲ್ಲಿ ಒಗ್ಗರಣೆ ಸಿಡಿದರೆ ಮೂರನೆಯ ಮನೆಯಲ್ಲಿ ಸೀನು. ರಾತ್ರಿಪಾಳಿ ಮುಗಿಸಿ ಬೆಳಿಗ್ಗೆ ಬಂದ ಗಂಡಸು ಮಲಗಿದನೆಂದರೆ ಮನೆಯ ಹೆಂಗಸು ಮೊದಲು ಮಾಡುತ್ತಿದ್ದ ಕೆಲಸ ಹೊರಬಾಗಿಲಿನ ಸರಪಳಿ ಚಿಲಕಕ್ಕೆ ಬಟ್ಟೆ ಸುತ್ತುವುದು. ಆಗ ಬೆಲ್ಲು ಎಲ್ಲಿತ್ತು? ಬಂದವರು ಚಿಲಕವನ್ನೇ ಬಾಗಿಲಿಗೆ ಬಡಿಯಬೇಕು. ಬಟ್ಟೆ ಸುತ್ತಿದರೆ ಸದ್ದೂ ಆಗುವುದಿಲ್ಲ, ಒಳಗೆ ಒಬ್ಬರು ಮಲಗಿದ್ದಾರೆಂದು ಬಂದವರಿಗೆ ಗೊತ್ತೂ ಆಗುತ್ತದೆ. ನಮ್ಮ ಮನೆಯದು ಅಪ್ಪನ ಹರಿದ ಖಾಕಿ ಅಂಗಿಯ ಒಂದು ತೋಳು. ಅಮ್ಮ ಎಷ್ಟು ಕುಕ್ಕಿ ಒಗೆದರೂ ಅದರ ಎಣ್ಣೆ ವಾಸನೆ ಹೋಗುತ್ತಿರಲಿಲ್ಲ. ಅದನ್ನು ಕಂಡರೆ ಹಾಲಿನವಳು ಮಾತಿಲ್ಲದೆ ಚೊಂಬಿಗೆ ಹಾಲು ಹೊಯ್ದು ಹೋಗುತ್ತಿದ್ದಳು. ಸೊಪ್ಪಿನವನು ಎರಡು ಮನೆ ದಾಟಿದ ಮೇಲೆಯೇ ಕೂಗು ಹಾಕುತ್ತಿದ್ದ. ನಾವು ಮಕ್ಕಳು ಜಗಳವನ್ನೂ ಪಿಸುದನಿಯಲ್ಲೇ ಆಡಿ ಮುಗಿಸುತ್ತಿದ್ದೆವು. ಕನ್ನಡದವರು, ತಮಿಳರು, ತೆಲುಗರು, ಮನೆಗೊಂದು ದೇವರು, ಮನೆಗೊಂದು ಸಾರು. ಈ ಬಟ್ಟೆಯ ವಿಷಯದಲ್ಲಿ ಮಾತ್ರ ಲೈನಿಗೆಲ್ಲ ಒಂದೇ ಕಟ್ಟಳೆ. ರಾತ್ರಿಯೆಲ್ಲ ಕಾದ ಕಬ್ಬಿಣದ ಮುಂದೆ ನಿಂತವನಿಗೆ ನಿದ್ದೆಗೆಟ್ಟರೆ ಮರುದಿನ ಕೈಯೋ ಕಾಲೋ ಹೋದೀತೆಂಬ ಭಯ ಎಲ್ಲ ಹೆಂಗಸರಿಗೂ ಇತ್ತು. ಬಟ್ಟೆ ಸುತ್ತುವುದು ಅಮ್ಮನ ಕೆಲಸ. ಅಪ್ಪ ಎದ್ದ ಮೇಲೆ ಬಿಚ್ಚಿ ಒಳಗಿನ ಮೊಳೆಗೆ ಹಾಕುವುದು ನನ್ನ ಕೆಲಸ.

ಪಕ್ಕದ ಮನೆಯ ಕಾಮಾಕ್ಷಮ್ಮನವರದು ಸೇಲಂ ಕಡೆಯ ಸಂಸಾರ. ಅವರ ಮಗಳು ಮಲ್ಲಿಕಾ ನನ್ನ ಓರಗೆಯವಳು. ಇಬ್ಬರಿಗೂ ಒಂದೇ ಬೆಂಚು, ಒಂದೇ ಬಗೆಯ ಎರಡು ಜಡೆ. ಭದ್ರಾ ಹೊಳೆಯಿಂದ ಆರಿಸಿ ತಂದ ಐದು ನುಣುಪು ಕಲ್ಲುಗಳಲ್ಲಿ ಕಲ್ಲಾಟ ಆಡುತ್ತಿದ್ದೆವು. ಕಲ್ಲು ಯಾವಾಗಲೂ ಅವಳ ಹತ್ತಿರವೇ, ಏಕೆಂದರೆ ನಾನು ಕಳೆಯುತ್ತೇನೆ ಎಂಬುದು ಅವಳ ದೂರು, ಸುಳ್ಳೇನಲ್ಲ. ನಮಗೆ ಹನ್ನೊಂದು ನಡೆಯುತ್ತಿದ್ದಾಗ ಅವಳ ಅಪ್ಪ ನಿವೃತ್ತರಾದರು. ಕ್ವಾರ್ಟರ್ಸ್ ಬಿಟ್ಟು ಊರಿಗೆ ಹೊರಡುವುದೆಂದು ಗೊತ್ತಾಯಿತು. ಹಿಂದಿನ ದಿನ ಕಾಮಾಕ್ಷಮ್ಮ ಹಿತ್ತಲ ಬೇಲಿಯ ಬಳಿ ನಿಂತು, "ನೀವ್ಯಾರೂ ಬರಬೇಡಿ ಅಮ್ಮಾ, ಅಲ್ಲೆಲ್ಲ ಸಾಮಾನು ಹರಡಿದೆ. ನಾಳೆ ಊಟ ಆದ್ಮೇಲೆ ನಾವೇ ಮನೆಮನೆಗೂ ಬಂದು ಹೇಳಿ ಹೋಗ್ತೀವಿ" ಎಂದರು. ಮಲ್ಲಿಕಾ ಅವರ ಸೆರಗಿನ ಹಿಂದಿನಿಂದಲೇ, "ಎಲ್ಲೂ ಹೋಗ್ಬೇಡ ಕಣೇ, ಮನೇಲೇ ಇರು" ಎಂದಳು. ಅದೇ ನಾನು ಕೇಳಿದ ಅವಳ ಕೊನೆಯ ಮಾತು.

ಮರುದಿನ ಅಪ್ಪ ರಾತ್ರಿಪಾಳಿ ಮುಗಿಸಿ ಬಂದು ಮಲಗಿದ್ದರು. ಎಂದಿನಂತೆ ಚಿಲಕಕ್ಕೆ ಖಾಕಿ ತೋಳು. ಹನ್ನೆರಡೂವರೆಗೆ ಕೆಲಸದ ಜೊತೆಯವರೊಬ್ಬರು ಹಿತ್ತಲಿನಿಂದ ಮೆಲ್ಲಗೆ ಕರೆದು, ಎರಡರ ಪಾಳಿಗೆ ಜನ ಸಾಲದು, ಬರಬೇಕು ಎಂದರು. ಅಪ್ಪ ಎದ್ದು, ಎರಡು ತುತ್ತು ಉಂಡು, ಹಿತ್ತಲಿನಲ್ಲಿದ್ದ ಸೈಕಲ್ ಹತ್ತಿ ಹಾಗೆಯೇ ಹೊರಟುಹೋದರು. ಮುಂಬಾಗಿಲು ತೆರೆಯಲೇ ಇಲ್ಲ. ನನಗೆ ಬಟ್ಟೆಯ ನೆನಪು ಎಲ್ಲಿಂದ ಬರಬೇಕು? ನನ್ನ ಹೊಸ ನೀಲಿ ರಿಬ್ಬನ್ನನ್ನು ಎರಡು ತುಂಡು ಮಾಡಿ, ಮಲ್ಲಿಕಾಳ ಪಾಲಿನ ತುಂಡಿಗೆ ಅಂಚು ಹೊಲಿಯುತ್ತ ಕೂತಿದ್ದೆ. ಅಮ್ಮ ತಟ್ಟೆಯಲ್ಲಿ ಅರಿಶಿನ ಕುಂಕುಮ, ತೆಂಗಿನಕಾಯಿ, ರವಿಕೆ ಕಣ ಇಟ್ಟುಕೊಂಡು ಬಾಗಿಲ ಕಡೆ ನೋಡುತ್ತಿದ್ದರು. ಒಂದೂವರೆಯಾಯಿತು, ಎರಡರ ಸೈರನ್ನೂ ಆಯಿತು. ಪಕ್ಕದಲ್ಲಿ ಪೆಟ್ಟಿಗೆ ಎಳೆದ ಸದ್ದು, ಗಾಡಿಯ ಸದ್ದು, ಆಮೇಲೆ ಏನೂ ಇಲ್ಲ. "ಇನ್ನೇನು ಬರ್ತಾರೆ, ಸುಮ್ನಿರು" ಎಂದು ಅಮ್ಮ ಮೂರು ಸಲ ಹೇಳಿದರು. ನಾಲ್ಕನೆಯ ಸಲ ಹೇಳಲಿಲ್ಲ. "ಹನ್ನೆರಡು ವರ್ಷ ಒಂದೇ ಗೋಡೆ. ಹೋಗುವಾಗ ಒಂದು ಮಾತಿಗೂ ಆಗಲಿಲ್ಲವಲ್ಲ" ಎಂದು ಎದ್ದು ಬಾಗಿಲು ತೆರೆದರು.

ಚಿಲಕಕ್ಕೆ ಖಾಕಿ ತೋಳು ಹಾಗೆಯೇ ಇತ್ತು. ಹೊಸ್ತಿಲಾಚೆ ಮೆಟ್ಟಿಲ ಮೇಲೆ ಬಾಳೆಲೆಯ ಚೂರಿನಲ್ಲಿ ಒಂದು ಮೊಳ ಕನಕಾಂಬರ, ಪಕ್ಕದಲ್ಲಿ ಸಾಲಾಗಿ ಐದು ಕಲ್ಲು. ಅವರು ಬಂದಿದ್ದರು. ನಿಂತಿದ್ದರು. ಒಳಗೆ ಅಪ್ಪ ಮಲಗಿದ್ದಾರೆಂದು, ಅಷ್ಟು ದೂರ ಹೊರಟವರು ಅಷ್ಟು ಹತ್ತಿರದಲ್ಲಿ ಬಾಗಿಲು ಬಡಿಯದೆ ಹೋಗಿದ್ದರು. ನಾನು ರಿಬ್ಬನ್ ಹಿಡಿದು ಬರಿಗಾಲಿನಲ್ಲಿ ಲೈನಿನ ತುದಿಯವರೆಗೆ ಓಡಿದೆ. ರಸ್ತೆಯಲ್ಲಿ ಗಾಡಿಯ ಧೂಳು ಕೂಡ ಇರಲಿಲ್ಲ. ವಾಪಸು ಬಂದಾಗ ಅಮ್ಮ ಬೈಯಲಿಲ್ಲ, ಹೊಡೆಯಲಿಲ್ಲ. ತೋಳನ್ನು ಬಿಚ್ಚಿ, ಮಡಚಿ, ತಾವೇ ಮೊಳೆಗೆ ಹಾಕಿದರು. ಎರಡು ಏಟು ಬಿದ್ದಿದ್ದರೆ ಅಂದಿಗೇ ಮುಗಿದುಹೋಗುತ್ತಿತ್ತೇನೋ.

ಅವರ ವಿಳಾಸ ನಮ್ಮಲ್ಲಿರಲಿಲ್ಲ, ಅವರಿಂದ ಕಾಗದವೂ ಬರಲಿಲ್ಲ. ನಾನು ಓದಿ, ಟೀಚರಾಗಿ, ಮದುವೆಯಾಗಿ ಶಿವಮೊಗ್ಗಕ್ಕೆ ಬಂದೆ. ಅಪ್ಪ ಅಮ್ಮ ಹೋಗಿ ಎಷ್ಟೋ ಕಾಲವಾಯಿತು. ಒಮ್ಮೆ ಭದ್ರಾವತಿಗೆ ಹೋದಾಗ ನಮ್ಮ ಲೈನನ್ನು ಹುಡುಕಿದೆ. ಸೂರು ಕುಸಿದ ಮನೆಗಳ ಸುತ್ತ ಲಂಟಾನ ಆಳೆತ್ತರ ಬೆಳೆದಿತ್ತು. ಬಾಗಿಲೂ ಇಲ್ಲ, ಚಿಲಕವೂ ಇಲ್ಲ. ನಿಮ್ಮಲ್ಲಿ ಯಾರಾದರೂ ಅಂಥ ಲೈನಿನಲ್ಲಿ ಬೆಳೆದವರಿದ್ದರೆ, ಎರಡು ಗಂಟೆಗೆ ಸೈರನ್ ಕೂಗದ ಆ ಊರಿನಲ್ಲಿ ನಿಲ್ಲುವುದು ಎಂಥದೆಂದು ನಾನು ಹೇಳಬೇಕಾಗಿಲ್ಲ. ನಮಗೆ ಮಕ್ಕಳಾಗಲಿಲ್ಲ. ಆಲ್ಕೊಳದ ಈ ಮನೆಯಲ್ಲಿ ಇದ್ದದ್ದು ನಾನು, ನಮ್ಮವರು. ಅವರು ಹಾಸಿಗೆ ಹಿಡಿದ ವರ್ಷ ಊಟದ ನಂತರದ ಮಾತ್ರೆ ನುಂಗಿ ಎರಡು ಗಂಟೆ ಕಣ್ಣು ಮುಚ್ಚಿದರೆ ಅದೇ ಪುಣ್ಯ. ಅಷ್ಟರಲ್ಲಿ ಫಿನಾಯಿಲ್ ಮಾರುವವರು, ಚಂದಾ ಕೇಳುವವರು, ಮೇಲಿನ ಮನೆಯ ಕೊರಿಯರು. ರೇಗಿ ಹೋಗಿ ನಾನೇ ಒಂದು ಬೋರ್ಡು ಬರೆಸಿ ಬೆಲ್ಲಿನ ಕೆಳಗೆ ಹಾಕಿಸಿದೆ: "ಮಧ್ಯಾಹ್ನ ಬೆಲ್ ಒತ್ತಬೇಡಿ. ಮಲಗಿದ್ದಾರೆ." ಅವರು ಹೋಗಿ ಎರಡು ವರ್ಷವಾಯಿತು. ಬಟ್ಟೆಬರೆ ಯಾರಿಗೋ ಕೊಟ್ಟೆ, ಕನ್ನಡಕ ಪೆಟ್ಟಿಗೆಗೆ ಸೇರಿತು. ಬಾಗಿಲಿನ ಹೊರಮೈಯನ್ನು ಒಳಗಿರುವವರು ನೋಡುವುದು ಕಡಿಮೆ.

ಆ ಮಧ್ಯಾಹ್ನ ಗ್ಯಾರೇಜಿನಿಂದ ಸುಮ್ಮನೆ ತಿರುಗಿದ ನನ್ನನ್ನು ಕಂಡು ಎದುರುಮನೆಯ ಆಶಾ ನಕ್ಕಳು. ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಅಂದು ರಜೆಯಲ್ಲಿದ್ದಳು. "ಏನ್ ಆಂಟಿ, ಇವತ್ತು ಬೈಗುಳಕ್ಕೂ ರಜಾನಾ?"

"ಬೈಯೋಕೂ ಜನ ಬೇಕಲ್ಲ ಮಾರಾಯ್ತಿ. ಈ ರಸ್ತೆಯೋರಿಗೆ ನಾನಿದ್ದೀನಿ ಅನ್ನೋದೇ ನೆನಪಿಲ್ಲ. ಯುಗಾದಿ ದಿನ ಒಬ್ಬರಾದ್ರೂ ಒಂದು ಚೂರು ಬೇವು ಬೆಲ್ಲ ಕೊಟ್ರಾ?"

ಅವಳ ಮುಖ ಸಣ್ಣದಾಯಿತು. "ಅಯ್ಯೋ ಆಂಟಿ, ಒಬ್ಬಟ್ಟು ತಗೊಂಡು ಬಂದಿದ್ದೆ. ಮಧ್ಯಾಹ್ನ ಆಗಿತ್ತು, ಬೋರ್ಡ್ ನೋಡಿ ವಾಪಸ್ ಹೋದೆ. ಗಣೇಶನ ಹಬ್ಬಕ್ಕೂ ಬಂದಿದ್ದೆ. ಮಲಗಿರ್ತೀರಿ, ಯಾಕೆ ಎಬ್ಬಿಸೋದು ಅಂತ..."

ಎರಡು ವರ್ಷದಿಂದ ಊರಿನ ಮೇಲೆಲ್ಲ ಗೊಣಗಿದ್ದೆ. ಜನರಲ್ಲಿ ಮೊದಲಿನ ವಿಶ್ವಾಸವಿಲ್ಲ, ಕಾಲ ಕೆಟ್ಟಿತು ಎಂದು ಗ್ಯಾರೇಜಿನವನ ಕಿವಿ ತಿಂದಿದ್ದೆ. ಬಂದವರನ್ನು ಮೆಟ್ಟಿಲಿನಿಂದ ಹಿಂದಕ್ಕೆ ಕಳಿಸುತ್ತಿದ್ದವಳು ನಾನೇ. ಹನ್ನೊಂದು ವರ್ಷಕ್ಕೆ ಮಾಡಿದ ತಪ್ಪನ್ನು ಎಪ್ಪತ್ತೊಂದಕ್ಕೂ ಮಾಡುವವಳನ್ನು ಏನೆಂದು ಕರೆಯಬೇಕು?

ಮತ್ತೆ ಗ್ಯಾರೇಜಿಗೆ ಹೋಗಿ ಬೋರ್ಡು ಬಿಚ್ಚಬೇಕೆಂದು ಸ್ಕ್ರೂಡ್ರೈವರ್ ಕೇಳಿದೆ. "ನಾನೇ ಬಂದು ಬಿಚ್ಚಿ ಕೊಡ್ತೀನಿ ಬಿಡಿ ಅಮ್ಮಾ" ಎಂದ ಅವನು.

"ಬೇಡಪ್ಪ. ಬಿಚ್ಚೋದು ನನ್ನ ಕೆಲಸ."

ನಾಲ್ಕು ಸ್ಕ್ರೂ ತೆಗೆಯಲು ಅರ್ಧ ಗಂಟೆ ಹಿಡಿಯಿತು. ಬೋರ್ಡನ್ನು ಒಳಗೆ ತಂದು ಗೋಡೆಗೆ ಒರಗಿಸಿ, ಬಾಗಿಲಿಗೆ ಎದುರಾಗಿ ಕುರ್ಚಿ ಹಾಕಿಕೊಂಡು ಕೂತೆ. ಆ ಐದು ಕಲ್ಲುಗಳಲ್ಲಿ ಮೂರು ಇನ್ನೂ ನನ್ನ ಬಳಿ ಇವೆ. ಎರಡನ್ನು ಅವಳು ಹೇಳಿದಂತೆಯೇ ಕಳೆದಿದ್ದೇನೆ. ಅವನ್ನು ಮಡಿಲಲ್ಲಿಟ್ಟುಕೊಂಡಿದ್ದೆ. ಮೂರಾಯಿತು, ಮೂರೂವರೆಯಾಯಿತು. ಯಾರೂ ಬರಲಿಲ್ಲ, ಬೋರ್ಡು ತೆಗೆದ ದಿನವೇ ಬರಲು ಯಾರಿಗೇನು ಕನಸು ಬಿದ್ದಿದೆಯೇ? ಬಾಗಿಲ ಸಂದಿಯಲ್ಲಿ ಬಿಸಿಲು ಸರಿಯುತ್ತಿತ್ತು. ಮನೆಯಲ್ಲಿ ಬೇರೆ ಯಾರೂ ಇಲ್ಲವಲ್ಲ, ಗಟ್ಟಿಯಾಗಿಯೇ ಹೇಳಿದೆ.

"ಬಡಿಯೇ ಮಲ್ಲಿಕಾ. ಒಳಗೆ ಯಾರೂ ಮಲಗಿಲ್ಲ."